ಕಡೇ ಪುಟದ ಅಡಿಯ ಹೆಸರು

ನಮ್ಮ ಪತ್ರಿಕೆಯ ಕಡೇ ಪುಟದ ಅಡಿಯಲ್ಲಿ ಇರುವೆ ಹರಿದಂತೆ ಒಂದು ಸಾಲು ಇರುತ್ತದೆ. ಮುದ್ರಕರು ಯಾರು, ಎಲ್ಲಿ ಅಚ್ಚಾಯಿತು ಎಂದು ಹೇಳುವ ಸಾಲು. ವಕೀಲರನ್ನು ಬಿಟ್ಟರೆ ಅದನ್ನು ಯಾರೂ ಓದುವುದಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿದ್ದದ್ದು ನನ್ನ ತಮ್ಮನ ಹೆಸರು. ಮೂವತ್ತೆಂಟು ದಾಟಿದ ಮೇಲೆ ನಾನು ಅಕ್ಷರ ಕಲಿತಾಗ ಮೊದಲು ಹುಡುಕಿ ಓದಿದ್ದೂ ಅದನ್ನೇ.

ಅವನು ಪ್ರೆಸ್ಸಿನ ಫೋರ್‌ಮನ್. ನಾನು ಅಲ್ಲೇ ಪತ್ರಿಕೆ ಎಣಿಸಿ ಕಟ್ಟು ಕಟ್ಟುವವಳು. ಮಿಷನ್ ಶುರುವಾದಾಗ ಮೊದಲ ಪ್ರತಿಗಳು ಮಸಿ ಮೆತ್ತಿಕೊಂಡು ಬರುತ್ತವೆ, ಅವೆಲ್ಲ ರದ್ದಿಗೆ. ಒಂದು ಪ್ರತಿ ಶುದ್ಧವಾಗಿ ಬಂತು ಎಂದಾಗ ತಮ್ಮ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಒಯ್ದು, ತಲೆಯಿಂದ ಕಾಲಿನವರೆಗೆ ಓದಿ, ತನ್ನ ಹೆಸರಿನ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ಅಲ್ಲಿಯ ತನಕ ಮಿಷನ್ನಿನ ವೇಗ ಹೆಚ್ಚಿಸಲು ಯಾರಿಗೂ ಧೈರ್ಯವಿರಲಿಲ್ಲ. ಒಮ್ಮೆ ಸಂಪಾದಕರೇ ಇಳಿದು ಬಂದು, "ಬಿಡ್ರೀ ಬೇಗ, ಪೇಪರ್ ಒಯ್ಯೋ ಬಸ್ಸು ಹೋಗುತ್ತೆ" ಎಂದಿದ್ದರು.

"ಬಸ್ಸಿನ ಮೇಲೆ ನನ್ನ ಹೆಸರಿಲ್ಲ ಸ್ವಾಮಿ" ಎಂದಿದ್ದ ಇವನು.

ಒಂದು ಸೋಮವಾರ ಮಧ್ಯಾಹ್ನ ಮ್ಯಾನೇಜರು ನಮ್ಮನ್ನೆಲ್ಲ ಕಾಗದದ ಉರುಳೆಗಳ ನಡುವೆ ನಿಲ್ಲಿಸಿಕೊಂಡರು. ಒಂದನೇ ತಾರೀಖಿನಿಂದ ಪತ್ರಿಕೆ ಬೇರೆ ಊರಿನಲ್ಲಿ ಅಚ್ಚಾಗುತ್ತದೆ, ಮೂರು ಗಂಟೆ ದಾರಿ, ದೊಡ್ಡ ಮಿಷನ್ನು. ಇಲ್ಲಿನ ಹದಿನೆಂಟು ಜನಕ್ಕೆ ಇನ್ನು ಕೆಲಸವಿಲ್ಲ. ಮಿಷನ್ನಿಗೆ ಎಣ್ಣೆ ಬಿಡುವವನು, ನಾವು ಬೋಲ್ಟು ಎಂದು ಕರೆಯುವವನು, ಕೈ ಎತ್ತಿ ಕೇಳಿದ:

"ಸಾರ್, ಹಾಗಾದ್ರೆ ಈ ವಾರ ಎಣ್ಣೆ ಬಿಡ್ಬೇಕಾ, ಬೇಡ್ವಾ?"

"ಬಿಡಪ್ಪ. ಮಾರೋ ತನಕ ಓಡ್ಬೇಕಲ್ಲ."

ಆಮೇಲೆ ಮ್ಯಾನೇಜರು ತಮ್ಮನನ್ನು ನನ್ನ ಕಟ್ಟುಗಳ ಹತ್ತಿರ ಕರೆತಂದರು. ಹೊಸ ಮುದ್ರಕನ ಹೆಸರು ಸರ್ಕಾರದಲ್ಲಿ ದಾಖಲಾಗಲು ತಿಂಗಳುಗಳೇ ಬೇಕಂತೆ. ಅಲ್ಲಿಯವರೆಗೆ ಇವನ ಹೆಸರೇ ಇರಲಿ, ಇವನೊಬ್ಬನ ಕೆಲಸ ಉಳಿಯುತ್ತದೆ, ಒಂದು ಸಹಿ ಹಾಕಿದರಾಯಿತು.

"ಅಲ್ಲಿಗೆ ನಾನು ಬರ್ಬೇಕಾ ಸಾರ್?"

"ಏನೂ ಬೇಡ. ಆಫೀಸಲ್ಲಿ ಕೂತಿರಿ."

"ನೋಡ್ದೆ ಹೆಸರು ಹಾಕೋದಾ? ಏನಾದ್ರೂ ತಪ್ಪು ಹೋದ್ರೆ ಕೋರ್ಟಿಗೆ ನಿಲ್ಲೋನು ನಾನಲ್ವಾ?"

"ಅಂಥದ್ದೇನೂ ಆಗಲ್ಲ ಬಿಡಿ. ನಾಳೆ ಹೇಳಿ" ಎಂದು ಅವರು ಮೆಟ್ಟಿಲು ಹತ್ತಿದರು.

ಬೋಲ್ಟು ಕಿವಿಗೊಟ್ಟಿದ್ದ. "ಅದೃಷ್ಟವಂತ ಕಣಪ್ಪಾ ನೀನು" ಎಂದ. "ನಾವು ಮೈ ಬಗ್ಗಿಸ್ತೀವಿ ಅಂದ್ರೂ ಕೆಲಸ ಇಲ್ಲ. ನೀನು ಮಲಗಿದ್ರೂ ನಿನ್ನ ಹೆಸರು ದುಡಿಯುತ್ತೆ." ನಾನು ಹುರಿ ಬಿಗಿದು ಗಂಟು ಹಾಕಿದೆ.

ನಮ್ಮದು ಒಂದೇ ಮನೆ. ಸಂಜೆ ತಮ್ಮನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. "ಅಕ್ಕನ ಕೆಲಸ ಹೋಯ್ತು. ಉಳಿದಿರೋ ಒಂದನ್ನೂ ಕಾಲಲ್ಲಿ ಒದೀತೀರಾ? ಹೆಸರು ತೊಳ್ಕೊಂಡು ಕುಡಿಯೋಕಾಗುತ್ತಾ?"

"ಓದದೆ ಒಂದು ದಿನಾನೂ ಬಿಟ್ಟಿಲ್ಲ ಕಣೇ."

"ಹಾಗಾದ್ರೆ ಮನೇಗೆ ಬಂದ್ಮೇಲೆ ಓದಿ. ಯಾರು ಬೇಡ ಅಂದ್ರು?"

ಅವನು ನನ್ನ ಕಡೆ ತಿರುಗಿದ. "ಅಕ್ಕಾ, ನೀನು ಹೇಳು. ನೀನು ಬೇಡ ಅಂದ್ರೆ ಹಾಕಲ್ಲ."

ಐವತ್ತೈದು ದಾಟಿದ ಗಂಡಸು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನೋಡುತ್ತಿದ್ದ. ಬೇಡ ಎನ್ನಬಹುದಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ. ಆದರೆ ಒಂದನೇ ತಾರೀಖಿನಿಂದ ನಾನೇ ಆ ಮನೆಯಲ್ಲಿ ಕೂತು ಉಣ್ಣುವವಳು.

"ಹಾಕು" ಎಂದೆ.

ಅವನು ತಲೆಯಾಡಿಸಿ ಕೈ ತೊಳೆಯಲು ಎದ್ದ. ಮಾರನೇ ದಿನ ಸಹಿ ಹಾಕಿ ಬಂದ. ಆ ವಾರವೆಲ್ಲ ಬೋಲ್ಟು ದಿನವೂ ಎಣ್ಣೆ ಬಿಟ್ಟ.

ಒಂದನೇ ತಾರೀಖು ಪತ್ರಿಕೆ ಬಂದಾಗ ಬೆಳಿಗ್ಗೆ ಎಂಟು ಗಂಟೆ ಆಗಿತ್ತು. ಇವನು ಕೈಗೆತ್ತಿಕೊಳ್ಳಲಿಲ್ಲ. ನಾನೇ ಕಡೇ ಪುಟ ತಿರುಗಿಸಿದೆ. ಊರಿನ ಹೆಸರು ಬದಲಾಗಿತ್ತು, ಪಕ್ಕದಲ್ಲಿ ತಮ್ಮನ ಹೆಸರು ಹಾಗೇ ಇತ್ತು. ಅಷ್ಟರಲ್ಲಿ ಎದುರು ಮನೆಯ ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ತನ್ನ ಪತ್ರಿಕೆ ಹಿಡಿದು ಬಂದ.

"ಏನ್ರೀ ಫೋರ್‌ಮನ್ನರೇ, ನಿನ್ನೆ ಕನ್ನಡಕ ಮನೇಲಿ ಬಿಟ್ಟು ಹೋಗಿದ್ರಾ? ಫೋಟೋ ನೋಡಿ, ಸನ್ಮಾನ ಮಾಡಿಸ್ಕೊಂಡ ಪುಣ್ಯಾತ್ಮನಿಗೆ ಎರಡು ಮೂಗು!"

ತಮ್ಮ ಅದನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದ. ನಾನು ಕಾದೆ. ಅಚ್ಚು ಹಾಕಿದ್ದು ನಾನಲ್ಲಪ್ಪಾ ಎನ್ನುತ್ತಾನೆ ಎಂದುಕೊಂಡೆ.

"ಉಳಿದ ಬಣ್ಣಗಳ ಮೇಲೆ ಕೆಂಪು ಸರಿಯಾಗಿ ಕೂತಿಲ್ಲ" ಎಂದ. "ಕೂದಲೆಳೆಯಷ್ಟು ಆಚೆ ಹೋಗಿದೆ. ನಮ್ಮದೇ ತಪ್ಪು. ನಾಳೆ ಸರಿ ಮಾಡ್ತೀವಿ."

"ನಾನು ಹಿಂಗೆ ಹೊಲಿದ್ರೆ ಗಿರಾಕಿ ಬಟ್ಟೆ ಮುಖಕ್ಕೆ ಎಸೀತಾನೆ" ಎಂದು ನಗುತ್ತಾ ದರ್ಜಿ ಹೋದ.

ಇವನು ಅಂಗಿ ಹಾಕಿಕೊಂಡು ಆಫೀಸಿಗೆ ಹೊರಟ. ಅಲ್ಲಿ ಅವನಿಗೊಂದು ಕುರ್ಚಿ ಕೊಟ್ಟಿದ್ದರು. ಮಾರನೇ ದಿನವೂ ಕೆಂಪು ಆಚೆಯೇ ಇತ್ತು. ದರ್ಜಿ ಇನ್ನೂ ಬೀದಿ ದಾಟುತ್ತಿದ್ದ. ಇವನೇ ಬಾಗಿಲಿಗೆ ಬಂದು, "ಗೊತ್ತು, ಗೊತ್ತು. ನಮ್ಮದೇ ತಪ್ಪು" ಎಂದ.