ಮೂಡಲ ಮುಖದ ಬಾಗಿಲು

ಎಳ್ಳಮಾಸಿ ಇನ್ನೂ ಬಂದಿರಲಿಲ್ಲ. ಬಿಳಿಜೋಳ ತೆನೆ ಹಾಯುವ ಕಾಲ. ಹೊತ್ತು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಬಡಿಗೇರ ಮೌನೇಶಪ್ಪ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಕಲ್ಲನಗೌಡರ ಹೊಲದ ಬದುವಿಗೆ ಬಂದ. ಬದುವಿನ ಮೇಲೆ ನಾನಿದ್ದೆ. ಆಗ ನಾನು ಬೇವಿನ ಮರ. ಅವನು ಕೊಡಲಿ ಕೆಳಗಿಟ್ಟು ನನ್ನ ಬುಡಕ್ಕೆ ಕೈಮುಗಿದ.

"ಸಿಟ್ಟಾಗಬ್ಯಾಡವ್ವಾ. ಮನಿ ಬಾಗಲಾ ಮಾಡಾಕ ಒಯ್ಯಾಕತ್ತೀನಿ, ಒಲಿಗಲ್ಲ," ಅಂದ.

ಮುಂದೆ ಬಹಳ ಸಲ ಆ ಮಾತನ್ನು ನೆನೆದು ಧೈರ್ಯ ತಂದುಕೊಂಡಿದ್ದೇನೆ. ಅದು ಸುಳ್ಳಾಗುತ್ತದೆ ಎಂದು ನಡುಗಿದ್ದೂ ಉಂಟು.

ಹೀಗೆ ನಾನೊಂದು ಬಾಗಿಲ ಚೌಕಟ್ಟಾದೆ. ಎರಡು ನಿಲುವು, ತಲೆಗೆ ಒಂದು ಅಡ್ಡಪಟ್ಟಿ, ಕಾಲಿಗೆ ಹೊಸ್ತಿಲು. ಗೌಡರು ನನ್ನನ್ನು ಹೊಲದೊಳಗಿನ ಮಣ್ಣಿನ ಮಾಳಿಗೆಯ ಮನೆಗೆ ನಿಲ್ಲಿಸಿದರು. ಎತ್ತುಗಳು ನನಗೆ ಕೊಂಬು ತಿಕ್ಕುತ್ತಿದ್ದವು. ಆಳುಮಕ್ಕಳು ನನಗೆ ಬೆನ್ನು ಕೊಟ್ಟು ರೊಟ್ಟಿ ತಿನ್ನುತ್ತಿದ್ದರು. ಆಮೇಲೆ ಕಾಲುವೆಗೆ ನೀರು ಬಂತು. ಜೋಳ ಹೋಗಿ ಕಬ್ಬು ಬಂತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ ಬಂತು. ಗೌಡರು ರಸ್ತೆಯ ಪಕ್ಕ ಸಿಮೆಂಟಿನ ಮನೆ ಕಟ್ಟಿ, ಅದಕ್ಕೆ ಪೇಟೆಯಿಂದ ತೇಗದ ಬಾಗಿಲು ತಂದರು. ಮಳೆಗೆ ನೆನೆದು ಹೊಲದ ಮನೆ ಕುಸಿಯಿತು. ನನ್ನನ್ನು ಬಿಚ್ಚಿ ದನ ಮೇವು ತಿನ್ನುವ ಗ್ವಾದಲಿಗೆ ಒರಗಿಸಿದರು. ಕೋಳಿಗಳು ನನ್ನ ಮೇಲೆ ಕೂತು ಹೊತ್ತು ಕಳೆಯುತ್ತಿದ್ದವು.

ಯಮನವ್ವ, ಭರಮಪ್ಪ ಎಂಬ ಗಂಡ ಹೆಂಡತಿ ಗೌಡರ ಕಬ್ಬಿನಲ್ಲಿ ದುಡಿಯುತ್ತಿದ್ದರು. ಒಂದು ದಿನ ಗೌಡರು ನನ್ನ ಕಡೆ ಕೈ ಮಾಡಿ, "ಒಯ್ಯವ್ವಾ, ಒಲಿಗಾದ್ರೂ ಆಕ್ಕೈತಿ," ಅಂದರು.

ಭರಮಪ್ಪ ನನ್ನನ್ನು ಹೊತ್ತು ತಂದು ಅಂಗಳದಲ್ಲಿ ಕೆಡವಿ, ಕೊಡಲಿ ಹುಡುಕಲು ಒಳಗೆ ಹೋದ. ಯಮನವ್ವ ನನ್ನ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ಏಳಾ," ಅಂದ ಗಂಡ.

"ಏಳೂದಿಲ್ಲ. ಬಾಗಲಾ ಬಂದೈತಿ, ಇನ್ನ ಮನೀನೂ ಬರ್ತೈತಿ."

"ಹಲ್ಲಿಲ್ಲದ ಮುದುಕಿ ಕಡ್ಲಿ ಹುರದ ಇಟ್ಟಂಗಾತು," ಎಂದು ಓಣಿಯವರು ನಕ್ಕರು. ಅವಳು ಏಳಲಿಲ್ಲ.

ಅವರದು ಬಾಡಿಗೆಯ ಬಾಳು. ಊರಲ್ಲಿ ದನದ ಕೊಟ್ಟಿಗೆಗೆ ನಡುವೆ ಗೋಡೆ ಹಾಕಿ ತಗಡು ಹೊದಿಸಿದರೂ ಅದನ್ನು ರೂಮು ಎಂದು ಕರೆಯುತ್ತಿದ್ದರು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಹಿಟ್ಟಿನ ಡಬ್ಬಿ ಕೂಡ ಮುಟ್ಟಿದರೆ ಸುಡುತ್ತಿತ್ತು. ಮಳೆಗಾಲದಲ್ಲಿ ನೆಲದಿಂದ ನೀರು ಜಿನುಗುತ್ತಿತ್ತು. ಅವರ ಕೂಸು ಕಸ್ತೂರಿ ಹೊಗೆಯಲ್ಲೇ ಕೆಮ್ಮುತ್ತ ಬೆಳೆಯಿತು. ಅಂಥ ರೂಮೂ ಖಾಯಂ ಅಲ್ಲ. ದಸರೆ ಮುಗಿದು ಕಾರ್ಖಾನೆಯ ಹೊಗೆಕೊಳವೆ ಹೊಗೆ ಬಿಟ್ಟಿತೆಂದರೆ ಯಮನವ್ವನ ಮುಖ ಸಣ್ಣದಾಗುತ್ತಿತ್ತು. ಕಬ್ಬು ಕಡಿಯುವ ಗ್ಯಾಂಗಿನವರು, ಕಾರ್ಖಾನೆಯ ನೌಕರರು ಹೊರಗಿನಿಂದ ಬರುತ್ತಿದ್ದರು. ಅವರು ಹೆಚ್ಚಿಗೆ ಬಾಡಿಗೆ ಕೊಡುತ್ತಿದ್ದರು. ಮನೆಯ ಮಾಲಕ ಬಂದು ತಗಡು ಬಡಿದು, "ಸೀಜನ್ ಮುಗಿಯೂತನಾ ಬ್ಯಾರೆ ಕಡೆ ನೋಡ್ಕೊಳ್ರಿ," ಅನ್ನುತ್ತಿದ್ದ. ಅದೇ ಊರಲ್ಲಿ ಹುಟ್ಟಿ ಬೆಳೆದವರು ಗಂಟು ಕಟ್ಟುತ್ತಿದ್ದರು.

ತಳ್ಳುಗಾಡಿಯಲ್ಲಿ ಪಾತ್ರೆ, ಕೌದಿ, ಅವುಗಳ ಮೇಲೆ ಕಸ್ತೂರಿ, ಎಲ್ಲಕ್ಕಿಂತ ಮೇಲೆ ನಾನು. ಹೊಸ ಮಾಲಕ ನನ್ನನ್ನು ನೋಡಿ ಕೇಳುತ್ತಿದ್ದ:

"ರೂಮಿಗೆ ಬಾಗಲಾ ಐತೆಲ್ಲವ್ವಾ, ಇದ್ಯಾಕ?"

"ಇದು ನಮ್ಮ ಮನೀದ್ರಿ."

"ಎಲ್ಲೈತಿ ನಿಮ್ಮ ಮನಿ?"

ಅವಳು ಸೆರಗು ಬಿಗಿಮಾಡಿಕೊಂಡು ಗಾಡಿ ಇಳಿಸುತ್ತಿದ್ದಳು. ಪ್ರತಿ ಸಲ ನನಗೆ ಹೆದರಿಕೆ: ಇಲ್ಲಿ ಒರಗಿಸಲು ಜಾಗ ಸಾಲದೆ ಹೋದರೆ? ಮಳೆ ಹಿಡಿದು ಒಲೆಗೆ ಒಣ ಕಟ್ಟಿಗೆ ಸಿಗದೆ ಹೋದರೆ? ಅಂಥ ಒಂದು ಮಳೆಯಲ್ಲಿ ಅವಳು ಮಂಚದ ಕಾಲು ಮುರಿದು ರೊಟ್ಟಿ ಸುಟ್ಟಳು. ನನ್ನನ್ನು ಮುಟ್ಟಲಿಲ್ಲ.

ಹೀಗೇ ಒಂದು ಸಲ ಗಾಡಿ ತಳ್ಳಿಕೊಂಡು ಹೋಗುವಾಗ ಕಲ್ಲನಗೌಡರು ಎದುರಾದರು. ಗಾಡಿ ನಿಲ್ಲಿಸಿ ನನ್ನನ್ನು ನೋಡಿ, "ಏ, ಇನ್ನೂ ಸುಟ್ಟಿಲ್ಲೇನ ಇದನ್ನ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಗಾಡಿಯ ಮೇಲೆ ಕಸ್ತೂರಿ ನನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದಳು, ಬೀಳಬಾರದೆಂದು.

"ಕಾಲುವಿ ದಂಡಿಗೆ ನನ್ನ ಕಲ್ಲಮಡ್ಡಿ ಐತೆಲ್ಲ, ಅಲ್ಲಿ ಕಬ್ಬ ಬರೂದಿಲ್ಲ. ಅದರ ಮೂಲ್ಯಾಗ ನಿಲ್ಲಸ್ಕೊಳ್ರಿ," ಅಂದರು. ಬಾಯಿ ಮಾತು. ಅಷ್ಟೇ.

ನನ್ನ ಮುಖ ಯಾವ ಕಡೆ ಮಾಡಬೇಕು ಎಂಬ ಮಾತು ಬಂತು. ತೆಂಕಣಕ್ಕೆ ಕಾಲುವೆಯ ದಾರಿ. ಅದು ಸರಕಾರದ್ದು, ಎಲ್ಲರೂ ಓಡಾಡುವಂಥದ್ದು. ಭರಮಪ್ಪ ಆ ಕಡೆಗೇ ಇರಲಿ ಅಂದ. ನನ್ನನ್ನು ನಿಲ್ಲಿಸಲು ಬಂದ ಬಡಿಗೇರ ಮೌನೇಶಪ್ಪನಿಗೆ ಆಗಲೇ ಮುಪ್ಪು. ಅವನು ತಲೆ ಅಲ್ಲಾಡಿಸಿದ.

"ಅದು ಯಮನ ದಿಕ್ಕೋ ತಮ್ಮಾ."

"ಯಮನವ್ವನ ಮನಿ, ಯಮನ ದಿಕ್ಕಿಗಿದ್ರ ಏನಾತ್ರಿ?" ಅಂದ ಭರಮಪ್ಪ. ಎಲ್ಲರೂ ನಕ್ಕರು. ಆದರೆ ಹಿಂದಿನಿಂದ ಬಂದ ಪದ್ಧತಿ ಮೀರುವ ಧೈರ್ಯ ಯಾರಿಗೂ ಆಗಲಿಲ್ಲ. ನನ್ನ ಮುಖ ಮೂಡಲಿಗೆ ಮಾಡಿದರು. ಮೂಡಲಿಗಿದ್ದದ್ದು ಗೌಡರದೇ ಮಡ್ಡಿಯ ಬಯಲು. ಅವತ್ತು ಅದು ಬರೀ ಬಯಲು, ಕುರಿ ಮೇಯುತ್ತಿದ್ದವು.

ನನ್ನ ಹೊಸ್ತಿಲಿಗೆ ಅರಿಷಿಣ ಹಚ್ಚಿದರು. ನೆತ್ತಿಗೆ ನವಧಾನ್ಯದ ಗಂಟು ಕಟ್ಟಿದರು. ಗೌಡರೇ ಕಾಯಿ ಒಡೆದರು. ಪೂಜೆಯಾದ ಹೊಸ್ತಿಲನ್ನು ನಮ್ಮ ಕಡೆ ಯಾರೂ ಕೀಳುವುದಿಲ್ಲ. ಕೀಳಲೇಬೇಕಾದರೆ ಮನೆಯವರು ಕೀಳಬೇಕು, ಇಲ್ಲವೆ ಕಾಯಿ ಒಡೆದ ಕೈ ಕೀಳಬೇಕು. ಯಮನವ್ವನಲ್ಲಿ ಕಾಗದವಿಲ್ಲ, ಪತ್ರವಿಲ್ಲ. ನಾನಿದ್ದೆ.

ಮಣ್ಣಿಟ್ಟಿಗೆ ತಾವೇ ಬಡಿದು, ಕೂಲಿಯಿಲ್ಲದ ದಿನ ಒಂದೊಂದು ಸಾಲು ಏರಿಸಿದರು. ಬಹಳ ಕಾಲ ನನ್ನ ಅಕ್ಕಪಕ್ಕ ಗೋಡೆಯೇ ಇರಲಿಲ್ಲ. ನಾಯಿ, ಕೋಳಿ ಸುತ್ತಿ ಬರುತ್ತಿದ್ದವು. ಮನುಷ್ಯರು ಮಾತ್ರ ನನ್ನೊಳಗಿಂದಲೇ, ತಲೆ ಬಗ್ಗಿಸಿ.

ಗೋಡೆ ಮುಗಿದು ತಗಡು ಬಿದ್ದು, ಕಸ್ತೂರಿ ನನ್ನ ಎತ್ತರಕ್ಕೆ ಬೆಳೆದಾಗ, ಗೌಡರ ಮಗ ಬಾಪುಗೌಡ ಬಯಲನ್ನು ಪ್ಲಾಟು ಮಾಡಿ ಮಾರುವುದಕ್ಕೆ ಹೊರಟ. ಬಿಳಿ ಸುಣ್ಣ ಬಳಿದ ಕಲ್ಲುಗಳು ಎದ್ದವು. ಒಂದು ಕಲ್ಲು ನನ್ನ ಎದುರಿಗೇ ನಿಂತಿತು. ಯಮನವ್ವ ದಿನಾ ಬೆಳಿಗ್ಗೆ ಅಂಗಳ ಗುಡಿಸಿ ಆ ಕಲ್ಲಿನ ಹತ್ತಿರ ಬಂದು ಪೊರಕೆ ನಿಲ್ಲಿಸುತ್ತಿದ್ದಳು.

ನಮ್ಮ ಮನೆ ಕೆಡವಲು ಜೆಸಿಬಿ ಬಂತು. ಡ್ರೈವರ್ ಇಳಿದು ನನ್ನ ಹೊಸ್ತಿಲ ಕುಂಕುಮ ನೋಡಿದ.

"ಗೌಡ್ರ, ಪೂಜಿ ಆದ ಬಾಗಲಾ ಐತ್ರಿ. ನನಗೂ ಹೆಂಡ್ತಿ ಮಕ್ಕಳದಾರ," ಎಂದು ಗಾಡಿ ತಿರುಗಿಸಿಕೊಂಡು ಹೋದ.

ಬಾಪುಗೌಡನಿಗೆ ಆಗ ಅಪ್ಪನ ನೆನಪಾಯಿತು. ಮುದಿ ಗೌಡರನ್ನು ಕಾರಿನಲ್ಲಿ ಕೂರಿಸಿ ಕರೆತಂದ. "ನೀ ಒಡದ ಕಾಯಿ, ನೀನ ಬಿಡಸ್ಕೊಡಪ್ಪಾ. ಒಂದು ಏಟು ಹಾಕು ಸಾಕು," ಎಂದು ಅವರ ಕೈಗೆ ಹಾರೆ ಕೊಟ್ಟ.

ಗೌಡರು ಹಾರೆಯನ್ನೇ ಊರುಗೋಲು ಮಾಡಿಕೊಂಡು ನನ್ನ ಮುಂದೆ ನಿಂತರು. ನನ್ನ ನರನರದಲ್ಲಿ ಬದುವಿನ ಆ ಬೆಳಗಿನ ಚಳಿ ಏರಿತು. ಯಮನವ್ವ ಅಳಲಿಲ್ಲ, ಬೇಡಲಿಲ್ಲ. ಒಂದು ಚೆಂಬು ನೀರು, ಒಂದು ಬೆಲ್ಲದ ಚೂರು ತಂದು ನನ್ನ ಒಳಮಗ್ಗುಲಲ್ಲಿ ಇಟ್ಟಳು.

"ಒಳಗ ಬರ್ರಿ ಗೌಡ್ರ. ನಿಂತು ಮಾಡೂ ಕೆಲಸ ಆಮ್ಯಾಲ ಐತಿ."

ಮನೆಗೆ ಬಂದವರು ನೀರು ಮುಟ್ಟದೆ ಹೋಗುವಂತಿಲ್ಲ. ಗೌಡರು ಹಾರೆಯನ್ನು ಹೊರಗೆ ಒರಗಿಸಿ, ತಲೆ ಬಗ್ಗಿಸಿ ಒಳಗೆ ಬಂದು, ಬೆಲ್ಲ ಕಡಿದು ನೀರು ಕುಡಿದರು. ಹೊರಗಿನಿಂದ ಮಗ ಕೂಗಿದ. "ಬಂದ್ನೋ," ಅಂದರು. ನನ್ನನ್ನು ದಾಟುವಾಗ ನಿಲುವಿಗೆ ಕೈಯಿಟ್ಟು ಅದೇ ಕೈಯನ್ನು ಕಣ್ಣಿಗೊತ್ತಿಕೊಂಡರು.

"ನೀರು ಕುಡದ ಮನಿ ಬಾಗಲಾ ಕೀಳಾಕ ನನ್ನ ಕೈಲಿ ಆಗೂದಿಲ್ಲ. ನಡಿ," ಅಂದರು.

ಆ ಗೌಡರು ಮುಂದಿನ ಉಗಾದಿ ಕಾಣಲಿಲ್ಲ. ಅವರ ಸಾವಿನ ದಿನಕಾರ್ಯ ಮುಗಿಯುತ್ತಲೇ ಇಟ್ಟಿಗೆ, ಸಿಮೆಂಟು ಬಂದು ಬಿದ್ದವು. ನನ್ನ ಎದುರಿಗೆ, ಆ ಬಿಳಿ ಕಲ್ಲಿನ ಗುಂಟ, ಗೋಡೆ ಏಳತೊಡಗಿತು. ನನಗೂ ಗೋಡೆಗೂ ನಡುವೆ ಮನುಷ್ಯ ಅಡ್ಡಡ್ಡ ಹಾಯುವಷ್ಟು ಸಂದು.

"ನಾ ಬಾಗಲಾ ಮುಟ್ಟಿಲ್ಲವ್ವಾ," ಅಂದ ಬಾಪುಗೌಡ. "ಅಪ್ಪನ ಮಾತು ಮೀರಿಲ್ಲ. ನೀವ ಕಿತ್ಕೊಂಡು ಬ್ಯಾರೆ ಕಡೆ ಹೋದ್ರ ನನ್ನ ಗಾಡಿ ಕೊಡ್ತೀನಿ, ಆಳು ಕೊಡ್ತೀನಿ."

ಗೋಡೆ ನನ್ನ ತಲೆ ಮೀರಿತು. ಮೂಡಲಿಗೆ ಮುಖವಿದ್ದರೂ ನಾನು ಆಮೇಲೆ ಹೊತ್ತು ಹುಟ್ಟುವುದನ್ನು ಕಾಣಲಿಲ್ಲ. ಸಿಮೆಂಟಿನ ಥಂಡಿಗೆ ನನ್ನ ಕಾಲು ಮೆತ್ತಗಾಗತೊಡಗಿತು. ಭರಮಪ್ಪ ಕಾಲುವೆಯ ಕಡೆ ಗೋಡೆ ಒಡೆದು ಕಿಂಡಿ ಮಾಡಿ ಗೋಣಿಚೀಲ ಇಳಿಬಿಟ್ಟ. ನೀರು, ಸೌದೆ, ಮಂದಿ ಎಲ್ಲ ಅತ್ತಲಿಂದ. ಯಮನವ್ವ ಮಾತ್ರ ದಿನವೂ ನನಗೆ ಕುಂಕುಮ ಹಚ್ಚುತ್ತಿದ್ದಳು.

ಕಸ್ತೂರಿಗೆ ಗಂಡು ಗೊತ್ತಾಯಿತು. ಊರ ಗುಡಿಯಲ್ಲಿ ಅಕ್ಕಿಕಾಳು ಬಿದ್ದು ಮದುವೆಯಾಯಿತು. ಮರುದಿನ ಮಗಳನ್ನು ಕಳಿಸಬೇಕು. ಗಂಡಿನ ಕಡೆಯ ಹಿರಿಯಳು ಗೋಣಿಚೀಲ ಎತ್ತಿ ಕಿಂಡಿ ನೋಡಿದಳು.

"ಮದಿಮಗಳನ್ನ ಇದರಾಗಿಂದ ಕಳಸ್ತೀರೇನಬೇ? ಹೊಸ್ತಿಲಾ ದಾಟಿಸಿ ಕಳಸೂ ಪದ್ಧತಿ ಇಲ್ಲೇನ ನಿಮ್ಮಲ್ಲಿ?"

ಭರಮಪ್ಪ ಎದ್ದ. "ಚೌಕಟ್ಟ ಕಿತ್ತು ಈ ಕಿಂಡಿಗೆ ಹಚ್ಚೂನು," ಎಂದು ಹಾರೆ ತಂದ. ಮನೆಯವರೇ ಕಿತ್ತರೆ ಗೌಡರ ಮಾತು ಅಲ್ಲಿಗೆ ಮುಗಿಯಿತು. ಬಾಪುಗೌಡ ಕಾದಿದ್ದು ಅದಕ್ಕೇ. ಯಮನವ್ವನಿಗೆ ಅದು ಗೊತ್ತಿತ್ತು. ಮಗಳನ್ನು ಕಿಂಡಿಯಿಂದ ಕಳಿಸಿದರೆ ಆ ಮಾತು ಮಗಳ ಬೆನ್ನು ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಅವಳು ಹಿಂದೆ ಮಾಡಿದಂತೆಯೇ ನನ್ನ ಹೊಸ್ತಿಲ ಮೇಲೆ ಕುಳಿತಳು. ಹಾರೆಯ ತುದಿ ನನ್ನ ಬುಡಕ್ಕೆ ತಾಗಿ ನಿಂತಿತು.

ಕಸ್ತೂರಿ ಹಸಿರು ಸೀರೆಯ ನಿರಿಗೆ ಹಿಡಿದುಕೊಂಡು ಎದ್ದು ಬಂದಳು.

"ಯಪ್ಪಾ, ಹಾರಿ ಮೂಲಿಗಿಡು. ನಾ ಇದ ಬಾಗಲದಾಗಿಂದ ಅಡ್ಡಾಗಿ ಹಾಯ್ತೀನಿ." ಗಂಡನ ಹೊಟ್ಟೆಯ ಕಡೆ ಕಣ್ಣು ಮಾಡಿ, "ಇಂವ ಹಾಯ್ತಾನಿಲ್ಲೋ ಅದನ್ನ ನೋಡ್ರಿ," ಅಂದಳು.

ಮನೆತುಂಬ ನಗು ಎದ್ದಿತು. ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಏಳುತ್ತ ಜಾಗ ಬಿಟ್ಟಳು. ಮಗಳು ಬಗ್ಗಿ ನನ್ನನ್ನು ಮುಟ್ಟಿ ನಮಸ್ಕರಿಸಿ, ಬಲಗಾಲಿಟ್ಟು ಹೊಸ್ತಿಲು ದಾಟಿ, ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಸರಿದಳು. ಸೀರೆಗೆ ಸಿಮೆಂಟು ಹತ್ತಿತು. ಅವಳ ಹಿಂದೆ ಗಂಡ, ಉಸಿರು ಒಳಗೆಳೆದುಕೊಂಡು. ಅವನ ಹಿಂದೆ ಕೆಮ್ಮುತ್ತ, ಬೈಯುತ್ತ ಆ ಹಿರಿಯಳೂ.

ನನಗೆ ಮುಪ್ಪು ಬಂದಿದೆ. ಆ ಹಾರೆ ಇವತ್ತಿಗೂ ಮೂಲೆಯಲ್ಲೇ ಇದೆ. ಅದು ಯಾವ ಕೈಗೆ ಯಾವಾಗ ಸಿಗುತ್ತದೋ ತಿಳಿಯದು. ಗೋಡೆಯ ಆಚೆ ಗಾಡಿ ನಿಂತ ಸದ್ದಾದರೆ ಯಮನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಾಳೆ. ನಾನೂ ಕೊಡುತ್ತೇನೆ. ಬಾಗಿಲಾದ ಮೇಲೆ ಯಾರಾದರೂ ಹಾಯಬೇಕು. ಹಾದಳು. ಕಸ್ತೂರಿ ನನ್ನೊಳಗಿಂದಲೇ ಹೋದಳು, ಬಸವ ಜಯಂತಿಯ ಮರುದಿನ, ಗುರುವಾರ.