ದರ್ಜಿ ಅಂಗಡಿಗೆ ಲಿನಕ್ಸ್ ಬಂದ ಕಥೆ

ನಮ್ಮ ದರ್ಜಿ ಅಂಗಡಿಯ ಕಂಪ್ಯೂಟರಿಗೆ ಒಂಬತ್ತು ವರ್ಷ. ಬೆಳಿಗ್ಗೆ ಅದರ ಗುಂಡಿ ಒತ್ತಿ ನಾನು ಎರಡು ಶರ್ಟು ಇಸ್ತ್ರಿ ಮಾಡಿ ಮಡಚಿಟ್ಟರೂ ಅದು ಕಣ್ಣು ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಹೋದ ತಿಂಗಳಿಂದ ಪರದೆಯ ಮೇಲೆ ದಿನವೂ ಒಂದೇ ಎಚ್ಚರಿಕೆ: ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ, ಹೊಸ ಆವೃತ್ತಿ ಈ ಯಂತ್ರದಲ್ಲಿ ಓಡುವುದಿಲ್ಲ.

"ಗುಜರಿಗೆ ಹಾಕಿ ಹೊಸದು ತಗೊಳ್ಳೋಣ," ಎಂದೆ.

ನನ್ನ ಹೆಂಡತಿಯ ಮುಖ ಸಪ್ಪಗಾಯಿತು. ಅಂಗಡಿಯ ಯಜಮಾನಿ ಅವಳೇ; ನಾನು ಕಾಜಾ, ಗುಂಡಿ, ಇಸ್ತ್ರಿಯವನು. ಒಂಬತ್ತು ವರ್ಷ ಕೂತು ಅವಳು ಬಿಡಿಸಿದ ಕಟಿಂಗ್ ನಕ್ಷೆಗಳೆಲ್ಲ ಅದರೊಳಗಿದ್ದವು. ಬೆನ್ನು ಬಾಗಿದವರಿಗೆ, ಒಂದು ತೋಳು ಗಿಡ್ಡ ಇರುವವರಿಗೆ, ಗಾಲಿಕುರ್ಚಿಯಲ್ಲಿ ಕೂರುವವರಿಗೆ ಸರಿಹೊಂದುವ ಅಂಥ ನಕ್ಷೆಗಳು ಬೇರೆ ಯಾರ ಹತ್ತಿರವೂ ಇರಲಿಲ್ಲ.

"ರೀ, ಅವು ಹೋದ್ರೆ ನನ್ನ ಕೈಯೇ ಹೋದ ಹಾಗೆ," ಎಂದಳು.

ಅದೇ ಹೊತ್ತಿಗೆ ಅವಳ ಗೆಳತಿ, ಲೈಬ್ರರಿ ನೋಡಿಕೊಳ್ಳುವ ಮೇಡಂ, ತನ್ನ ಕೋಟಿನ ಟ್ರಯಲ್ ನೋಡಲು ಬಂದಳು.

"ಅಕ್ಕ, ಯಂತ್ರ ಗಟ್ಟಿಮುಟ್ಟಾಗೇ ಇದೆ. ಅದನ್ನ ನಡೆಸೋ ಆಪರೇಟಿಂಗ್ ಸಿಸ್ಟಮ್ ಅದಕ್ಕೆ ಭಾರ ಆಗಿದೆ ಅಷ್ಟೇ. ಲಿನಕ್ಸ್ ಹಾಕಿ ನೋಡು. ನಮ್ಮ ಲೈಬ್ರರಿಯ ಆರೂ ಕಂಪ್ಯೂಟರಲ್ಲಿ ಅದೇ ಇರೋದು."

"ಎಷ್ಟಂತೆ?" ನಾನು ನಡುವೆ ಮೂಗು ತೂರಿಸಿದೆ.

"ಪುಕ್ಕಟೆ, ಭಾವ."

"ಹಾಗಾದ್ರೆ ಒಳಗೆ ಏನೋ ಎಡವಟ್ಟಿದೆ."

"ಎಡವಟ್ಟಿದ್ರೆ ಮುಚ್ಚಿಡ್ತಿದ್ರು. ಇದರದ್ದು ಎಲ್ಲಾ ಬಿಚ್ಚಿಟ್ಟಿದ್ದಾರೆ. ಅಕ್ಕ ತನ್ನ ನಕ್ಷೆನ ಬಾಗಿಲಿಗೆ ಅಂಟಿಸಿ, ಯಾರು ಬೇಕಾದ್ರೂ ನೋಡಿ ಹೊಲ್ಕೊಳ್ಳಿ, ತಪ್ಪಿದ್ರೆ ತಿದ್ದಿ, ತಿದ್ದಿದ್ದನ್ನ ಬೇರೆಯವರಿಗೂ ಕೊಡಿ ಅಂದ ಹಾಗೆ. ಅದಕ್ಕೇ ಓಪನ್ ಸೋರ್ಸ್ ಅನ್ನೋದು."

"ಕನ್ನಡ ಬರುತ್ತಾ ಅದಕ್ಕೆ?"

"ಬರುತ್ತೆ. ಕಾಗುಣಿತ ನಿಮಗಿಂತ ವಾಸಿ."

"ನಮ್ಮ ಪ್ರಿಂಟರು?"

"ಅದನ್ನ ಓಡಿಸಿ ನೋಡೇ ಹೇಳಬೇಕು." ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. "ಇದರಿಂದಲೇ ಓಡಿಸ್ತೀನಿ. ನಿಮ್ಮ ಹಳೇದನ್ನ ಮುಟ್ಟಲ್ಲ. ಆದ್ರೆ ಒಂದು ವಿಷಯ..."

ಆ ವಿಷಯ ನನ್ನ ಕಿವಿಗೆ ಬೀಳಲಿಲ್ಲ. ನಾನು ಆಗಲೇ ಮುಖ ತಿರುಗಿಸಿ ಇಸ್ತ್ರಿಗೆ ನಿಂತಿದ್ದೆ. ಅರ್ಧ ಶರ್ಟು ಮುಗಿಯುವಷ್ಟರಲ್ಲಿ ಪರದೆ ಬೆಳಗಿತು. ಪ್ರಿಂಟರು ಒಂದು ನಕ್ಷೆಯನ್ನೂ ಉಗುಳಿತು. ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಬಿಟ್ಟು ಮೇಡಂ ಹೊರಟಳು.

ಸಂಜೆ ಹೆಂಡತಿ ಬಟ್ಟೆ ತರಲು ಹೋದಾಗ ಹನ್ನೊಂದು ಜನ ಅಂಚೆಯಣ್ಣಂದಿರು ಬಂದರು. ಅವರದೊಂದು ಹಾಡಿನ ತಂಡ. ಮುಂದಿನ ಶನಿವಾರ ವೇದಿಕೆ ಹತ್ತಬೇಕು, ಎಲ್ಲರಿಗೂ ಒಂದೇ ಬಗೆಯ ಕೋಟು ಬೇಕು. ನಾನು ಅಳತೆ ತೆಗೆದು, ಹುಮ್ಮಸ್ಸಿನಲ್ಲಿ ಹೊಸ ಪರದೆಯಲ್ಲೇ ಎಲ್ಲವನ್ನೂ ಬರೆದಿಟ್ಟೆ. ಅಳತೆ ಕಂಪ್ಯೂಟರಿಗೆ ಹೋದ ಮೇಲೆ ಚೀಟಿ ಹರಿಯುವುದು ನಮ್ಮ ಅಂಗಡಿಯ ಪದ್ಧತಿ. ಇಲ್ಲದಿದ್ದರೆ ಹಳೆ ಚೀಟಿ ಹೊಸದರೊಳಗೆ ಸೇರಿ ಒಬ್ಬರ ಪ್ಯಾಂಟು ಇನ್ನೊಬ್ಬರ ಸೊಂಟಕ್ಕೆ ಹೋಗುತ್ತದೆ. ಹನ್ನೊಂದೂ ಚೀಟಿ ಹರಿದು, ಕಂಪ್ಯೂಟರ್ ಆರಿಸಿ, ಬಾಗಿಲು ಹಾಕಿದೆ.

ಬೆಳಿಗ್ಗೆ ನೋಡಿದರೆ ಒಂದು ಅಳತೆಯೂ ಇಲ್ಲ.

"ನೋಡಿದ್ಯಾ? ನಿನ್ನ ಪುಕ್ಕಟೆ ನುಂಗಿಹಾಕ್ತು," ಎಂದು ಹೆಂಡತಿಯ ಮೇಲೆ ರೇಗಿದೆ.

"ನನ್ನ ನಕ್ಷೆಗಳು?" ಎಂದು ಅವಳು ಮೇಡಂಗೆ ಫೋನ್ ಹಚ್ಚಿದಳು.

ಮೇಡಂ ಲೈಬ್ರರಿ ತೆರೆಯುವ ಮೊದಲೇ ಓಡಿ ಬಂದಳು. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಭಾವ, ಟ್ರಯಲ್ ನೋಡೋಕೆ ಹಾಕ್ಕೊಂಡ ಕೋಟಿನ ಜೇಬಲ್ಲಿ ಕನ್ನಡಕ ಇಟ್ಟು, ಬಿಚ್ಚಿಕೊಟ್ಟು ಮನೆಗೆ ಹೋದ್ರೆ ಹೇಗೆ? ಪೆನ್‌ಡ್ರೈವ್‌ನಿಂದ ಓಡಿಸೋದು ಬರೀ ನೋಡೋದಕ್ಕೆ. ಆರಿಸಿದ್ರೆ ಅದರಲ್ಲಿ ಬರೆದಿದ್ದು ಉಳಿಯಲ್ಲ ಅಂತ ನಿನ್ನೆ ಎರಡು ಸಲ ಹೇಳಿದೆ."

"ಇಸ್ತ್ರಿಪೆಟ್ಟಿಗೆ ಬುಸ್ ಅಂತಿತ್ತು," ಎಂದೆ ಮೆಲ್ಲಗೆ.

ಅವಳು ಪೆನ್‌ಡ್ರೈವ್ ಕಿತ್ತು ಹಳೆಯದನ್ನೇ ಶುರು ಮಾಡಿದಳು. ನಕ್ಷೆಗಳೆಲ್ಲ ಇದ್ದಲ್ಲೇ ಇದ್ದವು.

"ಹೋಗಿದ್ದು ನಿಮ್ಮ ಹನ್ನೊಂದು ಅಳತೆ ಮಾತ್ರ. ಅಕ್ಕನ ಒಂದು ಗೆರೆಯೂ ಅಲುಗಿಲ್ಲ. ಮುಟ್ಟಲ್ಲ ಅಂದಿದ್ದೆ, ನೀವೇ ಪರೀಕ್ಷೆ ಮಾಡಿ ತೋರಿಸಿಬಿಟ್ರಿ."

ಹೆಂಡತಿ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದಳು. ನಾಚಿಕೆಯ ನಡುವೆ ನನಗೂ ನಗು ಬಂತು.

ಹೇಳಿಕಳಿಸಿದ್ದಕ್ಕೆ ಸಂಜೆ ಅಂಚೆಯಣ್ಣಂದಿರು ಅಳತೆ ಕೊಡಲು ಮತ್ತೆ ಬಂದರು. "ಒಂದೇ ದಿನಕ್ಕೆ ಎಷ್ಟು ಬೆಳೆದಿದ್ದೀವಿ ನೋಡಿ," ಎಂದರು ಅವರಲ್ಲಿ ಹಿರಿಯರು. ಸರದಿಗಾಗಿ ಕಾಯುತ್ತ ಬೇಸರವಾಗಿ ಎಲ್ಲರೂ ಹಾಡಲು ಶುರು ಮಾಡಿದರು. ಹಾಡುತ್ತಿದ್ದವರ ಎದೆಗೆ ಹೆಂಡತಿ ಟೇಪು ಸುತ್ತಿದಾಗ ಗೊತ್ತಾಯಿತು, ಉಸಿರೆಳೆದರೆ ಎದೆ ಎರಡಂಗುಲ ಹಿಗ್ಗುತ್ತದೆ. ನನ್ನ ಹಿಂದಿನ ದಿನದ ಅಳತೆಗೆ ಹೊಲಿದಿದ್ದರೆ ಮೊದಲ ಹಾಡಿಗೇ ಹನ್ನೊಂದೂ ಕೋಟಿನ ಗುಂಡಿಗಳು ಸಭಿಕರ ಮಡಿಲಿಗೆ ಹಾರುತ್ತಿದ್ದವು.

ಕೋಟುಗಳು ಸಮಯಕ್ಕೆ ಸರಿಯಾಗಿ ವೇದಿಕೆ ಹತ್ತಿದವು. ಮರುದಿನ ಮೇಡಂ ನಕ್ಷೆಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ನಕಲು ಮಾಡಿ, ಲೈಬ್ರರಿಯ ಕಂಪ್ಯೂಟರಲ್ಲಿ ತೆರೆದು ನೋಡಿ, ಆಮೇಲೆಯೇ ಲಿನಕ್ಸ್ ಹಾಕಿದಳು. ಲೇಬಲ್ ಬರೆಯುವ ಒಂದು ಹಳೆ ಪ್ರೋಗ್ರಾಂ ಮಾತ್ರ ಓಡಲಿಲ್ಲ. ಅದರ ಬದಲಿಗೆ ಬಂದದ್ದು ನನ್ನ ಕೈಗೆ ಕೂರಲು ಒಂದು ವಾರ ಹಿಡಿಯಿತು, ಸ್ವಲ್ಪ ಗೊಣಗಿದೆ. ಹೆಂಡತಿ ನಕ್ಷೆಗಳನ್ನು ಒಂದೊಂದಾಗಿ ತೆರೆದು ಕೊನೆಯದರವರೆಗೂ ನೋಡಿದಳು. "ಎಲ್ಲಾ ಇದಾವೆ ರೀ," ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಮುಖ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಿಮ್ಮ ಮನೆಯಲ್ಲೂ ಮೂಲೆ ಸೇರಿದ ಒಂದು ಕಂಪ್ಯೂಟರ್ ಇರಬಹುದು. ಅದನ್ನು ಗುಜರಿಗೆ ಎತ್ತುವ ಮೊದಲು ಲಿನಕ್ಸ್ ಓಡಿಸಿ ನೋಡಿ. ನೀವು ದಿನವೂ ಬಳಸುವ ಪ್ರೋಗ್ರಾಂ, ಪ್ರಿಂಟರು ಅದರಲ್ಲಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ. ಬೇಕಾದುದನ್ನೆಲ್ಲ ಎರಡು ಕಡೆ ನಕಲು ಇಟ್ಟ ಮೇಲೆಯೇ ಹಾಕಿಸಿ. ಭಾನುವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಹೇಳಿಕೊಡುತ್ತೇವೆ. ಅನುಮಾನವಿದ್ದರೆ ಅದನ್ನೂ ಕರೆದುಕೊಂಡು ಬನ್ನಿ. ಅನುಮಾನದವರಿಗೆಂದೇ ಅಲ್ಲಿ ಒಂದು ಮೇಜು ಹಾಕಿದ್ದಾರೆ, ಅದರ ಹಿಂದೆ ಕೂರುವವನು ನಾನೇ.