ಬಿಲ್ಲಿನ ಮೇಲಿನ ಕುಂಕುಮ

ಆಯುಧಪೂಜೆ ಬುಧವಾರ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ದ್ವಾರಕನಾಥ ಬಿಲ್ಲನ್ನು ಚೀಲದಿಂದ ಹೊರತೆಗೆದು ನೋಡುತ್ತಾನೆ, ಮೇಲಿನ ಬೋಲ್ಟಿನ ಮೇಲಿದ್ದ ಕುಂಕುಮದ ಬೊಟ್ಟು ಎರಡು ಹೋಳಾಗಿದೆ. ಅರ್ಧ ಬೋಲ್ಟಿನ ತಲೆಯ ಮೇಲೆ, ಇನ್ನರ್ಧ ಅದರ ಪಕ್ಕದ ಪಟ್ಟಿಯ ಮೇಲೆ. ಎರಡೂ ಮುಖ ತಿರುಗಿಸಿಕೊಂಡು ಕೂತಿವೆ. ಕೆಳಗಿನ ಬೋಲ್ಟ್ ನೋಡಿದ. ಅಲ್ಲೂ ಅದೇ ಕಥೆ.

ಬೊಟ್ಟು ಇಟ್ಟವಳು ಅವನ ಹೆಂಡತಿ ಮೈಥಿಲಿ. ಪೂಜೆಯ ದಿನ ಅವಳ ಕೈಯಿಂದ ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಲ್ಯಾಪ್‌ಟಾಪು, ಮಿಕ್ಸಿ, ಮಗಳು ಸಿಂಚನಾಳ ಸೈಕಲ್ಲು, ಕಡೆಗೆ ವಾಷಿಂಗ್ ಮೆಷಿನ್ನು, ಎಲ್ಲಕ್ಕೂ ಮೊದಲು ಗಂಧ, ಮೇಲೆ ಕುಂಕುಮ. ಬಿಲ್ಲಿಗಂತೂ ಮೇಲೊಂದು, ಕೆಳಗೊಂದು, ಸರಿಯಾಗಿ ಬೋಲ್ಟಿನ ಅಂಚಿನ ಮೇಲೆ. ಒಣಗಿದ ಗಂಧ ಹಾಗೆಲ್ಲ ತಾನಾಗಿ ಒಡೆದು ಜರುಗುವುದಿಲ್ಲ. ಯಾರೋ ಬೋಲ್ಟ್ ತಿರುಗಿಸಿದ್ದಾರೆ. ಆ ಬೋಲ್ಟುಗಳನ್ನು ತಿರುಗಿಸಿ ಒಳಗೆ ಇಳಿಸಿದರೆ ಬಿಲ್ಲು ಬಿಗಿಯಾಗುತ್ತದೆ, ಎಳೆಯುವುದು ಕಷ್ಟವಾಗುತ್ತದೆ. ಇವು ಇಳಿದಿದ್ದವು.

ದ್ವಾರಕನಾಥ ಬೋಲ್ಟುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ. ಯಾಕೆಂದರೆ ಮುಂದಿನ ಭಾನುವಾರ ಅವನ ಪರೀಕ್ಷೆ.

ಪರೀಕ್ಷೆ ಯಾಕೆ ಅಂದರೆ, ಹೋದ ವರ್ಷದ ವಿಚಾರ ಹೇಳಬೇಕು. ಅವನೂ ಅವನ ಮೈಸೂರಿನ ಕಾಲೇಜು ಗೆಳೆಯ ಗಿರಿಧರನೂ ಕೆಲಸಕ್ಕೆಂದು ಬಂದು ನೆಲೆಸಿದ ಈ ಪರದೇಶದ ಊರಿನ ಬಿಲ್ಲುಗಾರಿಕೆ ಕ್ಲಬ್ಬಿನವರು. ವರ್ಷಕ್ಕೊಮ್ಮೆ ನಾಲ್ಕು ಜನ ಸೇರಿ ನ್ಯೂಜಿಲೆಂಡಿನ ಒಂದು ಫಾರ್ಮಿಗೆ ಕಾಡು ಆಡುಗಳ ಬೇಟೆಗೆ ಹೋಗುತ್ತಿದ್ದರು. ಹೋದ ನವೆಂಬರಿನಲ್ಲಿ ಭುಜ ನೋಯುತ್ತಿದ್ದರೂ ದ್ವಾರಕನಾಥ ಮಹಾರಾಯ ಯಾರಿಗೂ ಹೇಳಲಿಲ್ಲ. ಹೆದೆಯನ್ನು ಪೂರ್ತಿ ಎಳೆದು ಹಿಡಿದಿದ್ದಾಗ ಬಲಭುಜದೊಳಗೆ ಏನೋ ಕಟಕ್ಕೆಂದಿತು, ಬಾಣ ಕೈತಪ್ಪಿ ಆಡಿನ ಹೊಟ್ಟೆಗೆ ಬಿತ್ತು. ಆಡು ಓಡಿತು. ಕತ್ತಲಾಗುವವರೆಗೆ ನಾಲ್ವರೂ ಹುಡುಕಿದರು. ಅಷ್ಟಿಷ್ಟು ರಕ್ತ ಕಂಡಿತು, ಆಡು ಸಿಗಲಿಲ್ಲ. ಡಿಸೆಂಬರಿನಲ್ಲಿ ಹರಿದ ಸ್ನಾಯುವಿಗೆ ಆಪರೇಷನ್ ಆಯಿತು. ಆರು ವಾರ ಕೈ ಜೋಳಿಗೆಯಲ್ಲಿ. ತಲೆ ಬಾಚಿಕೊಳ್ಳಲೂ ಆಗದೆ ಮೈಥಿಲಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದ. ಭುಜದ ನೋವನ್ನು ಎಲ್ಲರೆದುರೂ ತೋಡಿಕೊಂಡ. ಆಡಿನ ವಿಷಯ ಮಾತ್ರ ಎತ್ತಲಿಲ್ಲ.

ಈ ಸಲ ಫಾರ್ಮಿನವರು ಖಡಾಖಂಡಿತವಾಗಿ ಬರೆದಿದ್ದರು. ಬಿಲ್ಲಿನ ಬಿಗಿ ನಲವತ್ತೈದು ಪೌಂಡಿಗಿಂತ ಕಡಿಮೆ ಇರಕೂಡದು, ಇದ್ದರೆ ಬಾಣ ಪ್ರಾಣಿಯನ್ನು ನರಳಿಸುತ್ತದೆ, ಕೊಲ್ಲುವುದಿಲ್ಲ. ಕ್ಲಬ್ಬಿನವರು ಅಳೆದು, ಹೊಡೆಸಿ ನೋಡಿ, ಸಹಿ ಹಾಕಿದ ಕಾಗದ ಬೇಕು. ದ್ವಾರಕನಾಥನಿಗೆ ಹೋಗಲೇಬೇಕಾಗಿತ್ತು. ಇನ್ನೊಂದು ಆಡನ್ನು ಸರಿಯಾಗಿ, ಒಂದೇ ಬಾಣಕ್ಕೆ ಬೀಳಿಸಿದರೆ ಮಾತ್ರ ಆ ಮೊದಲನೆಯದು ತನ್ನ ನಿದ್ದೆಯಿಂದ ಎದ್ದುಹೋಗುತ್ತದೆ ಎಂದು ಅವನು ನಂಬಿದ್ದ. ನಂಬಿಕೆ ಸರಿಯೋ ತಪ್ಪೋ, ಬೇರೆ ದಾರಿ ಅವನಿಗೆ ತೋಚಿರಲಿಲ್ಲ.

ಜೂನ್‌ನಲ್ಲಿ ಮತ್ತೆ ಬಿಲ್ಲು ಹಿಡಿದಾಗ ಮೂವತ್ತು ಪೌಂಡಿಗೆ ಇಳಿಸಿಕೊಂಡಿದ್ದ. ಎಳೆಯುವುದು ಸಲೀಸಾದ ಮೇಲೆ ಏರಿಸೋಣ ಅಂತ. ನಾಲ್ಕು ತಿಂಗಳಾದರೂ ಸಲೀಸಾಗಲೇ ಇಲ್ಲ. ಪ್ರತಿ ಭಾನುವಾರ ಅದೇ ಭಾರ, ಅದೇ ಬಿಗಿತ. ಭುಜ ಕೂಡಿಕೊಂಡಿದೆ, ಬಲ ಮಾತ್ರ ಬಂದಿಲ್ಲ ಎಂದು ಒಳಗೊಳಗೇ ಕುಗ್ಗಿಹೋಗಿದ್ದ. ಈಗ ನೋಡಿದರೆ ಬೊಟ್ಟು ಒಡೆದಿದೆ.

ಅನುಮಾನ ನೇರ ಗಿರಿಧರನ ಮೇಲೆ ಹೋಗಿ ಕೂತಿತು. ಕೂರದೆ ಏನು. ಅವನ ಆಫೀಸೂ ಮನೆಯೂ ಬ್ಯೂನಾ ವಿಸ್ಟಾದಲ್ಲಿ. ದ್ವಾರಕನಾಥ ಇರುವುದು ಈ ತುದಿಯ ಪಾಸಿರ್ ರಿಸ್‌ನಲ್ಲಿ. ಭಾನುವಾರ ಮಲಗುವುದು ಬಿಟ್ಟು, ಊರಿನ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿಕೊಂಡು ಬಂದು, ಬಿಲ್ಲಿನ ಚೀಲವನ್ನು ತಾನೇ ಹೊತ್ತು ಡಿಕ್ಕಿಯಲ್ಲಿಡುವವನಿಗೆ ಏನಾದರೂ ಲಾಭ ಇರಬೇಕಲ್ಲ? ಹೋದ ತಿಂಗಳು ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಟೀ ಕುಡಿಯುತ್ತ ಅಂದಿದ್ದ, "ನಮ್ ಆಫೀಸಿನ ಕುಶಾಲ್ ಕೇಳ್ತಿದ್ದ ಕಣೋ, ಗ್ರೂಪಲ್ಲಿ ಸೀಟ್ ಖಾಲಿ ಇದ್ಯಾ ಅಂತ." ಆಗ ಅದು ಬರೀ ಮಾತು. ಈಗ ಅದಕ್ಕೆ ಕೈಕಾಲು ಬಂದವು.

ಆ ಭಾನುವಾರ ಕ್ಲಬ್ಬಿನಲ್ಲಿ ಬಾಣಗಳೆಲ್ಲ ಗುರಿಗಿಂತ ಎರಡು ಬೆರಳು ಮೇಲೆ ಬಿದ್ದವು. ಬಿಲ್ಲು ಬಿಗಿಯಾದರೆ ಬಾಣ ಮೇಲೆ ಹೋಗುತ್ತದೆ. ಹಾಗೆ ನೋಡಿದರೆ ಪ್ರತಿ ವಾರವೂ ಮೇಲೇ ಬೀಳುತ್ತಿದ್ದವು, ಗುರಿ ನೋಡುವ ಪಿನ್ನನ್ನು ಅವನು ಪ್ರತಿ ವಾರವೂ ಸರಿಮಾಡಿಕೊಳ್ಳುತ್ತಿದ್ದ.

"ಯಾಕೋ ಹೀಗೆ ಮೇಲ್ ಹೋಗತ್ತೆ?" ಎಂದು ಬೇಕಂತಲೇ ಕೇಳಿದ.

ಗಿರಿಧರ ಬೇರೆ ಕಡೆ ನೋಡಿದ. "ಗಾಳಿ ಇರ್ಬೇಕು ಬಿಡೋ."

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅಕ್ಟೋಬರಿನ ಸೆಕೆಗೆ ಇಬ್ಬರ ಟೀ ಶರ್ಟೂ ಬೆನ್ನಿಗೆ ಅಂಟಿತ್ತು. ಕಳ್ಳ, ಅಂದುಕೊಂಡ ದ್ವಾರಕನಾಥ.

ಬಿಲ್ಲನ್ನು ಅಳೆದುಬಿಟ್ಟರೆ ಸತ್ಯ ಗೊತ್ತಾಗುತ್ತಿತ್ತು. ಮನೆಯಲ್ಲಿ ಕೊಕ್ಕೆಯ ತಕ್ಕಡಿಯೊಂದಿತ್ತು, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವಂಥದು. ಹೆದೆಗೆ ಸಿಕ್ಕಿಸಿ ಎಳೆದರೆ ಬಿಗಿ ಎಷ್ಟೆಂದು ಕಿಲೋದಲ್ಲಿ ತೋರಿಸುತ್ತದೆ. ಮನೆಗೆ ಬಂದವನೇ ಬಾಂಬ್ ಶೆಲ್ಟರಿಗೆ ನುಗ್ಗಿದ. ಇಲ್ಲಿಯ ಫ್ಲ್ಯಾಟುಗಳಲ್ಲಿ ಯುದ್ಧ ಬಂದರೆ ಇರಲಿ ಅಂತ ಕಬ್ಬಿಣದ ಬಾಗಿಲಿನ ಒಂದು ಕೋಣೆ ಕಟ್ಟಿಕೊಡುತ್ತಾರೆ. ಯುದ್ಧ ಬರುವವರೆಗೆ ಅದರಲ್ಲಿ ಅಕ್ಕಿಮೂಟೆ, ಸೂಟ್‌ಕೇಸು, ದಸರಾ ಬೊಂಬೆಗಳ ಪೆಟ್ಟಿಗೆ. ಬಿಲ್ಲು ಇರುವುದೂ ಅಲ್ಲೇ. ತಕ್ಕಡಿ ಅದರ ಮೊಳೆಯಲ್ಲಿರಲಿಲ್ಲ.

"ತೂಕದ ಕೊಕ್ಕೆ ಎಲ್ಲಿ?"

"ಪಕ್ಕದ್ ಮನೆ ಶಾಮಲಾ ಆಂಟಿ ಊರಿಗ್ ಹೋಗ್ತಾರಂತೆ, ತಗೊಂಡೋದ್ರು," ಎಂದಳು ಮೈಥಿಲಿ ಪಾತ್ರೆ ತೊಳೆಯುತ್ತ. ತಿರುಗಿ ನೋಡಲಿಲ್ಲ.

ಮಂಗಳವಾರ ಚಾಂಗಿ ಬಿಸಿನೆಸ್ ಪಾರ್ಕಿನಿಂದ ಕೆಲಸ ಮುಗಿಸಿ ಬರುವಾಗ ಫ್ಲ್ಯಾಟುಗಳ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲಿ ಶಾಮಲಾ ಆಂಟಿಯೇ ಎದುರಾದರು. ಊರಿಗೆ ಯಾವಾಗ ಹೊರಟಿರಿ ಎಂದು ಕೇಳಿದ. "ಈ ವರ್ಷ ಎಲ್ಲಿ ಊರು, ಮಗಳ ಎಕ್ಸಾಮ್ ಇದ್ಯಲ್ಲಪ್ಪ," ಎಂದರು ಅವರು. ಗೆಳೆಯ ಸುಳ್ಳು ಹೇಳಿದರೆ ಸಿಟ್ಟು ಬರುತ್ತದೆ. ಹೆಂಡತಿ ಸುಳ್ಳು ಹೇಳಿದರೆ ಊಟ ಸೇರುವುದಿಲ್ಲ.

ಗುರುವಾರ ಅವಳ ಫೋನು ಡೈನಿಂಗ್ ಟೇಬಲ್ಲಿನ ಮೇಲೆ ಮಿನುಗಿತು. ನೋಡಬಾರದಿತ್ತು. ನೋಡಿದ. ಗಿರಿಧರನ ಮೆಸೇಜು: "ಈ ವಾರ ಕಾಲು ಸುತ್ತು ಸಾಕು. ಅವನಿಗೆ ಡೌಟ್ ಬಂದ ಹಾಗಿದೆ. ಜೋಪಾನ."

ಇಬ್ಬರೂ ಸೇರಿಕೊಂಡಿದ್ದಾರೆ. ಅವನಿಗೆ ಕುಶಾಲನನ್ನು ಕರೆದೊಯ್ಯಬೇಕು, ಇವಳಿಗೆ ಗಂಡ ಬೇಟೆ ಬಿಡಬೇಕು. ಪರೀಕ್ಷೆಯ ಹೊತ್ತಿಗೆ ಬಿಲ್ಲು ಬಿಗಿ ಮಾಡಿ, ಎಲ್ಲರೆದುರು ತನ್ನ ಕೈಲಾಗದಂತೆ ಮಾಡುವ ಹುನ್ನಾರ. ಹೀಗೆ ಲೆಕ್ಕ ಹಾಕಿದ. ಹಾಗೆ ಬಿಗಿಯಾದ ಬಿಲ್ಲನ್ನೇ ತಾನು ಎಳೆಯುತ್ತಿದ್ದೇನಲ್ಲ ಎಂಬ ಇನ್ನೊಂದು ಲೆಕ್ಕ ಅವನಿಗೆ ಹೊಳೆಯಲೇ ಇಲ್ಲ. ಬ್ಯಾಂಕಿನ ಕಂಪ್ಯೂಟರುಗಳ ತಪ್ಪು ಹುಡುಕಿ ಸಂಬಳ ತಗೊಳ್ಳುವ ಮನುಷ್ಯ ಇವನು!

ಶನಿವಾರ ಬೆಳಿಗ್ಗೆ ಗಿರಿಧರನಿಗೆ ಬರೆದ: "ನನ್ನ ಸೀಟ್ ಕುಶಾಲನಿಗೇ ಕೊಡು. ಅದಕ್ಕೆ ತಾನೇ ಇಷ್ಟು ದಿನ ಡ್ರೈವರ್ ಕೆಲಸ ಮಾಡಿದ್ದು. ನಾಳೆ ಬರಬೇಡ." ಕಳಿಸಿ ಫೋನು ಸೈಲೆಂಟ್ ಮಾಡಿದ. ಮಧ್ಯಾಹ್ನ ಊಟವಾದ ಮೇಲೆ, "ತರಕಾರಿ ತರ್ತೀನಿ," ಎಂದು ಚೀಲ ಹಿಡಿದು ಹೊರಟ. ಲಿಫ್ಟಿನ ತನಕ ಹೋಗಿ, ಹತ್ತು ನಿಮಿಷ ಅಲ್ಲೇ ನಿಂತು, ಬರಿಗಾಲಲ್ಲಿ ಹಿಂದಕ್ಕೆ ಬಂದ.

ಬಾಂಬ್ ಶೆಲ್ಟರಿನ ಬಾಗಿಲು ತೆರೆದಿತ್ತು. ಮೈಥಿಲಿ ನೆಲದ ಮೇಲೆ ಕಾಲು ಚಾಚಿ, ಬಿಲ್ಲನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೈಯಲ್ಲಿ ಬೋಲ್ಟ್ ತಿರುಗಿಸುವ ಅಲೆನ್ ಕೀ. ಪಕ್ಕದಲ್ಲಿ ಶಾಮಲಾ ಆಂಟಿ ಒಯ್ದಿದ್ದ ತಕ್ಕಡಿ.

"ಎಷ್ಟು ವಾರದಿಂದ?" ಎಂದ ದ್ವಾರಕನಾಥ.

ಅವಳು ಬೆಚ್ಚಿದಳು. ಆದರೆ ಬಚ್ಚಿಡಲು ಹೋಗಲಿಲ್ಲ. "ಜೂನಿಂದ."

"ಜೂನಿಂದ?" ಈ ಉತ್ತರಕ್ಕೆ ಅವನು ತಯಾರಿರಲಿಲ್ಲ. "ನನ್ ಭುಜ ಮತ್ತೆ ಕಿತ್ತೋಗಿದ್ರೆ ಏನ್ ಮಾಡ್ತಿದ್ದೆ? ನೀನೂ ಅವನೂ ಸೇರ್ಕೊಂಡು ನನ್ನ ಕೋತಿ ಮಾಡಿದ್ರಲ್ಲ."

"ಕೂತ್ಕೊಳಿ ರೀ."

"ಕೂರಲ್ಲ."

"ಹಾಗಾದ್ರೆ ನಿಂತ್ಕೊಂಡೇ ಕೇಳಿ." ಅವಳ ದನಿ ಗಟ್ಟಿಯಾಯಿತು. "ಮೇ ತಿಂಗಳಲ್ಲಿ ಫಿಸಿಯೊ ನಿಮ್ ಕೈಲಿ ಮೆಷಿನ್ ಎಳೆಸಿದ್ರು, ನೆನಪಿದ್ಯಾ? ನಂಬರ್ ಕಾಣೋ ಹಾಗಿದ್ದಾಗ ಇಪ್ಪತ್ತಕ್ಕೆ ನಿಲ್ಲಿಸಿದ್ರಿ, ನೋವು ಅಂದ್ರಿ. ಆಮೇಲೆ ಅವರು ಸ್ಕ್ರೀನ್ ಆ ಕಡೆ ತಿರುಗಿಸಿಬಿಟ್ರು. ಮೂವತ್ತೈದು ಎಳೆದ್ರಿ. ನೋವು ಅನ್ನಲೇ ಇಲ್ಲ. ಆಚೆ ಬಂದು ನಂಗೆ ಹೇಳಿದ್ರು, ಭುಜ ಸರಿಹೋಗ್ತಿದೆ, ಭಯ ಮಾತ್ರ ಹೋಗಿಲ್ಲ, ಇವರಿಗೆ ನಂಬರ್ ತೋರಿಸ್ಬೇಡಿ ಅಂತ. ವಾರಕ್ಕಿಷ್ಟು ಅಂತ ಚೀಟಿ ಬರ್ಕೊಟ್ರು. ತಿರುಗ್ಸೋದು ಗಿರಿಧರ್ ಕಲಿಸಿದ್ರು. ನೀವು ಸೋಮವಾರ ನೋವು ಅಂದಾಗೆಲ್ಲ ವಾಪಸ್ ಬಿಚ್ಚಿದೀನಿ. ಎರಡು ಸಲ."

"ಸುಳ್ಳು."

"ಈ ವಾರದ್ದು ಇನ್ನೂ ತಿರುಗಿಸಿಲ್ಲ, ನೋಡಿ," ಎಂದಳು ಮೈಥಿಲಿ. ಎದ್ದು ಬಿಲ್ಲನ್ನು ಪಾದದ ಕೆಳಗೆ ಒತ್ತಿ ಹಿಡಿದು, ತಕ್ಕಡಿಯ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಲ್ಲುಕಚ್ಚಿ ಮೇಲಕ್ಕೆಳೆದಳು. ತಕ್ಕಡಿ ಕುಯ್ಯೆಂದಿತು. ಇಪ್ಪತ್ತೊಂದೂ ಚಿಲ್ಲರೆ ಕಿಲೋ. ಅವನ ತಲೆಯೇ ಲೆಕ್ಕ ಮಾಡಿತು: ನಲವತ್ತೇಳು ಪೌಂಡು.

ಹೋದ ಭಾನುವಾರ ಅವನು ಎಳೆದದ್ದು ನಲವತ್ತೇಳು. ಅರವತ್ತು ಬಾಣ.

ಖುಷಿಯಾಗಬೇಕಿತ್ತು. ಬಿಲ್ಲನ್ನು ಕಸಿದುಕೊಂಡು ಹಾಲಿಗೆ ಬಂದು, ಗೋಡೆಗೆ ಮುಖ ಮಾಡಿ ಹೆದೆ ಎಳೆದ. ಅರ್ಧಕ್ಕೆ ಬಂತು. ನಲವತ್ತೇಳು, ಎಂದಿತು ತಲೆ. ಭುಜದೊಳಗೆ ಆ ಹಳೆಯ ಕಟಕ್ ಕೇಳಿಸಿತು, ಹೊಟ್ಟೆಯಲ್ಲಿ ಬಾಣ ಸಿಕ್ಕಿಸಿಕೊಂಡ ಆಡು ಕಲ್ಲುಗಳ ಮೇಲೆ ಓಡಿತು. ಮೆಲ್ಲಗೆ ಹೆದೆ ಇಳಿಸಿದ. ಇನ್ನೊಮ್ಮೆ ಎಳೆದ. ಅರ್ಧಕ್ಕೂ ಬರಲಿಲ್ಲ.

ಅವನು ಸೋಫಾದ ಮೇಲೆ ಕುಸಿದು ಕೂತ. ಅಳು ಬಂತು, ನಾಚಿಕೆಯಿಲ್ಲದೆ ಅತ್ತ. "ಅದನ್ನ ಹುಡುಕೋಕೆ ಆಗ್ಲಿಲ್ಲ ಮೈಥಿಲಿ. ಎಲ್ಲೋ ಬಿದ್ದು ರಾತ್ರಿಯೆಲ್ಲ ನರಳಿರತ್ತೆ," ಎಂದ. ಹನ್ನೊಂದು ತಿಂಗಳಲ್ಲಿ ಆಡಿನ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಮೈಥಿಲಿ ಪಕ್ಕದಲ್ಲಿ ಕೂತು, ಗಾಯದ ಗುರುತಿದ್ದ ಭುಜದ ಮೇಲೆ ಕೈಯಿಟ್ಟಳು.

ಕಡೆಗೆ ಅವನೇ ಎದ್ದ. ಒದ್ದೆ ಬಟ್ಟೆ ತಂದು, ಬೋಲ್ಟುಗಳ ಮೇಲಿನ ಕುಂಕುಮವನ್ನು ತಿಕ್ಕಿ ಒರೆಸಿದ, ಒಂದು ಚೂರೂ ಗುರುತು ಉಳಿಯದ ಹಾಗೆ. ಅಲೆನ್ ಕೀಯನ್ನು ಅವಳ ಕೈಗಿಟ್ಟ.

"ತರಕಾರಿ ತರ್ತೀನಿ. ನಿಜವಾಗ್ಲೂ. ಬಿಗಿ ಮಾಡ್ತೀಯೋ, ಬಿಚ್ತೀಯೋ, ಹಾಗೇ ಬಿಡ್ತೀಯೋ, ನಂಗೆ ಹೇಳ್ಬೇಡ."

"ಕೇಳ್ಬಾರ್ದು ಮತ್ತೆ."

"ಕೇಳಲ್ಲ."

ಮಾರ್ಕೆಟ್ಟಿನಿಂದ ಗಿರಿಧರನಿಗೆ ಫೋನ್ ಮಾಡಿದ. ಏನೆಂದು ಶುರುಮಾಡುವುದೋ ತಿಳಿಯದೆ ಬೀನ್ಸ್ ಆರಿಸತೊಡಗಿದ. ಆ ಕಡೆಯಿಂದ ಗಿರಿಧರನೇ ಅಂದ, "ಡ್ರೈವರ್ ನಾಳೆ ಏಳಕ್ಕೆ ಬರ್ತಾನೆ ಸಾರ್. ಕೆಳಗ್ ಬಂದು ನಿಂತಿರಿ."

ಭಾನುವಾರ ಮೈಥಿಲಿಯೂ ಬಂದಳು. ಕಾರಿನಲ್ಲಿ ಎಷ್ಟು ಎಂಬ ಮಾತು ಮೂರು ಸಲ ಅವನ ನಾಲಿಗೆಯ ತುದಿಗೆ ಬಂತು, ಮೂರು ಸಲವೂ ನುಂಗಿದ. ಕ್ಲಬ್ಬಿನಲ್ಲಿ ಪರೀಕ್ಷೆ ಮಾಡುವವರು ಅಂಕಲ್ ಟಾನ್, ಎಪ್ಪತ್ತರ ಹಿರಿಯರು, ಮಾತಾಡಿದರೆ ಇಡೀ ಮೈದಾನಕ್ಕೆ ಕೇಳಿಸಬೇಕು. ಅವರು ಬಿಲ್ಲನ್ನು ಅಳೆಯುವ ಕೊಕ್ಕೆಗೆ ಸಿಕ್ಕಿಸಿ ಕನ್ನಡಕ ಏರಿಸಿಕೊಂಡಿದ್ದೇ, ದ್ವಾರಕನಾಥ ಆ ಕಡೆ ತಿರುಗಿ ನಿಂತು, ಎರಡೂ ಕೈಯೆತ್ತಿ ಕಿವಿಯಲ್ಲಿ ಬೆರಳಿಟ್ಟುಕೊಂಡ. ಜನವರಿಯಲ್ಲಿ ತಲೆ ಬಾಚಲೂ ಏಳದ ಬಲಗೈ ಎಡಗೈಯಷ್ಟೇ ಮೇಲೆ ಹೋಯಿತು. ಅದನ್ನು ಅವನು ಗಮನಿಸಲಿಲ್ಲ. ಮೈಥಿಲಿ ಗಮನಿಸಿದಳು. ಅಂಕಲ್ ಟಾನ್ ಹುಬ್ಬೇರಿಸಿ ಅವಳ ಕಡೆ ನೋಡಿದರು. ಅವಳು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಮೂರು ಬಾಣ. ಹೆದೆ ಎಳೆದ. ಭಾರವಿತ್ತು, ಯಾವ ಭಾನುವಾರವೂ ಇರುವಷ್ಟೇ ಭಾರ. ಅರ್ಧಕ್ಕೆ ಬಂದಾಗ ತಲೆ ನಂಬರ್ ಹುಡುಕಿತು, ಸಿಗಲಿಲ್ಲ. ಹೆದೆ ಕೆನ್ನೆಗೆ ಬಂದು ನಿಂತಿತು. ಮೂರೂ ಬಾಣ ಒಂದು ಅಂಗೈ ಅಗಲದೊಳಗೆ ಬಿದ್ದವು.

"ಪಾಸ್ ಲಾ," ಎಂದರು ಅಂಕಲ್ ಟಾನ್, ಬಿಗಿಯ ಅಳತೆ ಬರೆದ ಕಾಗದಕ್ಕೆ ಸಹಿ ಹಾಕುತ್ತ. ದ್ವಾರಕನಾಥ ಕೈ ಚಾಚಿದ. ಅಷ್ಟರಲ್ಲಿ ಮೈಥಿಲಿ ಅದನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಡಿಸಿ ತನ್ನ ವ್ಯಾನಿಟಿ ಬ್ಯಾಗಿನಲ್ಲಿಟ್ಟು ಜಿಪ್ ಎಳೆದಳು. ಚಾಚಿದ ಕೈಯನ್ನು ಅವನು ಹಿಂದಕ್ಕೆ ತಗೊಂಡು, ಬಾಣ ಕೀಳಲು ನಡೆದ.